ಸಾಗರ ದಾಟಿ ಹೊಸ ದೇಶಕ್ಕೆ: ಹಾಯಿದೋಣಿಯಲ್ಲಿ ಬಂದಿಳಿಯುವವರಿಗೆ ಮಾರ್ಗದರ್ಶಿ

ಹಾಯಿದೋಣಿಗೆ ನಡುಸಾಗರಕ್ಕಿಂತ ನೆಲದ ಹತ್ತಿರವೇ ಅಪಾಯ ಹೆಚ್ಚು. ನಡುಸಾಗರದಲ್ಲಿ ಗಾಳಿ ಎಷ್ಟೇ ಬೀಸಲಿ, ಹೋಗಿ ಬಡಿಯಲು ಅಲ್ಲಿ ಏನೂ ಇರುವುದಿಲ್ಲ. ನೆಲ ಕಾಣಿಸುವ ದಿನ ಹಾಗಲ್ಲ. ಬಂಡೆ, ಹವಳದ ದಿಬ್ಬ, ಮೀನುಬಲೆ, ಸರಕು ಹಡಗು, ಉಬ್ಬರವಿಳಿತದ ಸೆಳೆತ ಎಲ್ಲವೂ ಒಂದೇ ಬೆಳಗ್ಗೆ ಎದುರಾಗುತ್ತವೆ. ಮೂರು ವಾರ ಅರೆನಿದ್ದೆಯಲ್ಲಿ ಪಾಳಿ ಕಾದವರು ಅಂದು ಅತ್ಯಂತ ಬಳಲಿರುತ್ತಾರೆ, ದಡ ಸೇರುವ ಅವಸರವೂ ಅಂದೇ ಹೆಚ್ಚು. ದೋಣಿ ಕಟ್ಟಿದ ಮೇಲೆ ಕಸ್ಟಮ್ಸ್, ಇಮಿಗ್ರೇಷನ್, ಆರೋಗ್ಯ, ಜೈವಿಕ ಸುರಕ್ಷತೆ ಎಂದು ನಾಲ್ಕು ಇಲಾಖೆಗಳ ಕೆಲಸ ಬೇರೆ ಕಾದಿರುತ್ತದೆ. ಈ ಕೆಲಸದ ಮುಕ್ಕಾಲು ಪಾಲನ್ನು ಹಿಂದಿನ ಬಂದರಿನಲ್ಲೇ ಮುಗಿಸಿಬಿಡಬಹುದು. ಉಳಿದ ಕಾಲು ಪಾಲಿಗೆ ಬೇಕಾಗುವುದು ಕಾಯುವ ತಾಳ್ಮೆ.

ಹಿಂದಿನ ಬಂದರಿನಲ್ಲೇ ಆಗಬೇಕಾದ್ದು

ಮೊದಲು ನಿರ್ಗಮನ ಪತ್ರ. ಸ್ಪ್ಯಾನಿಷ್ ಮಾತನಾಡುವ ದೇಶಗಳಲ್ಲಿ ಇದಕ್ಕೆ ಜಾರ್ಪೆ ಎನ್ನುತ್ತಾರೆ, ಉಳಿದೆಡೆ ಪೋರ್ಟ್ ಕ್ಲಿಯರೆನ್ಸ್. ಹೊಸ ದೇಶದ ಅಧಿಕಾರಿ ಸಾಮಾನ್ಯವಾಗಿ ಮೊದಲು ಕೇಳುವುದೇ ಇದನ್ನು. ಅದರಲ್ಲಿ ಮುಂದಿನ ಬಂದರಿನ ಹೆಸರು ಸರಿಯಾಗಿದೆಯೇ, ಸಿಬ್ಬಂದಿ ಎಲ್ಲರ ಹೆಸರೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ, ಮೊಹರು ಬಿದ್ದಿದೆಯೇ ಎಂದು ಕಿಟಕಿಯ ಮುಂದೆ ನಿಂತೇ ಓದಿಕೊಳ್ಳಿ. ಒಂದಕ್ಷರ ತಪ್ಪಿದ್ದರೂ ಸಾವಿರ ಮೈಲಿ ದಾಟಿದ ಮೇಲೆ ತಿದ್ದಿಸಲು ಯಾರೂ ಸಿಗುವುದಿಲ್ಲ.

ವೀಸಾದಲ್ಲಿ ಬಹಳ ಮಂದಿ ಎಡವುತ್ತಾರೆ. ವಿಮಾನದಲ್ಲಿ ಬರುವವರಿಗೆ ಸಿಗುವ ಸೌಲಭ್ಯ ಸ್ವಂತ ದೋಣಿಯಲ್ಲಿ ಬರುವವರಿಗೂ ಸಿಗುತ್ತದೆಂದು ಭಾವಿಸಬೇಡಿ. ಅಮೆರಿಕ ಇದಕ್ಕೆ ಒಳ್ಳೆಯ ಉದಾಹರಣೆ. ವೀಸಾ ವಿನಾಯಿತಿ ಇರುವ ದೇಶದ ಪ್ರಜೆಗಳು ಕೂಡ ಖಾಸಗಿ ಯಾಟ್‌ನಲ್ಲಿ ಬಂದರೆ ಇಎಸ್‌ಟಿಎ ಎಂಬ ಆನ್‌ಲೈನ್ ಅನುಮತಿ ನಡೆಯುವುದಿಲ್ಲ. ಬಿ1/ಬಿ2 ಸಂದರ್ಶಕ ವೀಸಾವನ್ನು ಮೊದಲೇ ಮಾಡಿಸಿಕೊಂಡಿರಬೇಕು. ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿರುವ ಪ್ರತಿಯೊಬ್ಬರ ವೀಸಾವೂ ಬಂದರು ಮುಟ್ಟುವ ಮುನ್ನ ಕೈಯಲ್ಲಿರಬೇಕು. ಯುರೋಪಿನ ಷೆಂಗೆನ್ ವಲಯದಲ್ಲಿ ಎರಡು ಲೆಕ್ಕಗಳು ಬೇರೆ ಬೇರೆ ಓಡುತ್ತವೆ. ಅಲ್ಪಾವಧಿ ಭೇಟಿಗೆ ಬಂದ ಯುರೋಪೇತರ ಪ್ರಜೆಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನ. ಯುರೋಪಿನ ಹೊರಗೆ ನೆಲೆಸಿದವರ, ಹೊರಗೆ ನೋಂದಣಿಯಾದ ದೋಣಿಗೆ ತೆರಿಗೆಯಿಲ್ಲದೆ 18 ತಿಂಗಳು. ದೋಣಿಗೆ ಸಮಯ ಉಳಿದಿದೆ ಎಂದು ಮನುಷ್ಯರು ಉಳಿದುಬಿಟ್ಟರೆ ದಂಡ ತೆರಬೇಕಾಗುತ್ತದೆ.

ಮೂರನೆಯದು ಮುಂಗಡ ಸೂಚನೆ. ನ್ಯೂಜಿಲೆಂಡ್ ಮತ್ತು ಫಿಜಿ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕೆನ್ನುತ್ತವೆ, ಆಸ್ಟ್ರೇಲಿಯಾ ಕನಿಷ್ಠ 12 ಗಂಟೆ ಮೊದಲು. ಗಲಾಪಗಸ್ ದ್ವೀಪಗಳಿಗೆ ಸ್ಥಳೀಯ ಏಜೆಂಟರ ಮೂಲಕ ಪರವಾನಗಿ ತೆಗೆದುಕೊಳ್ಳಬೇಕು, ಆ ಕೆಲಸ ಹಲವು ವಾರ ಮೊದಲೇ ಶುರುವಾಗಬೇಕು. ಸಾಗರದ ಮಧ್ಯೆ ಉಪಗ್ರಹ ಸಂಪರ್ಕ ಕೈಕೊಡುವುದು ಹೊಸದೇನಲ್ಲ. ಹಾಗಾಗಿ ಅರ್ಜಿಯನ್ನು ಹೊರಡುವ ಮುನ್ನವೇ ಅಂದಾಜು ದಿನಾಂಕ ಹಾಕಿ ಕಳುಹಿಸಿ. ದಾರಿಯಲ್ಲಿ ದಿನಾಂಕ ಬದಲಾದರೆ ಚಿಕ್ಕದೊಂದು ಇಮೇಲ್ ಸಾಕು. ಉತ್ತರವಾಗಿ ಬಂದ ಸ್ವೀಕೃತಿಯನ್ನು ಮುದ್ರಿಸಿ ಕಡತದಲ್ಲಿಡಿ.

ನಾಲ್ಕನೆಯದು, ಯಾವ ಬಂದರಿಗೆ ಹೋಗಬೇಕು ಎಂಬುದು. ಪ್ರತಿ ದೇಶವೂ ಕೆಲವೇ ಬಂದರುಗಳನ್ನು ಪ್ರವೇಶದ ಬಂದರುಗಳೆಂದು ಗುರುತಿಸಿರುತ್ತದೆ. ನ್ಯೂಜಿಲೆಂಡ್‌ನ ಉತ್ತರದಲ್ಲಿ ಓಪುವಾ, ಮಾರ್ಕೆಸಸ್ ದ್ವೀಪಗಳಲ್ಲಿ ಹಿವಾ ಓವಾದ ಅಟುಓನಾ ಮತ್ತು ನುಕು ಹಿವಾದ ತೈಓಹೇ, ಅಟ್ಲಾಂಟಿಕ್ ಮಧ್ಯದ ಅಝೋರ್ಸ್‌ನಲ್ಲಿ ಓರ್ಟಾ ಅಂಥವು. ದಾರಿಯಲ್ಲಿ ಯಾರೂ ಇಲ್ಲದ, ಚೆಲುವಾದ ದ್ವೀಪ ಸಿಕ್ಕರೂ ಅಲ್ಲಿ ಲಂಗರು ಹಾಕುವಂತಿಲ್ಲ. ಇದು ಹೊಟ್ಟೆ ಉರಿಸುವ ನಿಯಮ ಎಂಬುದು ಟೋಂಗಾದಿಂದ ಫಿಜಿಗೆ ಹೋಗುವವರಿಗೆ ಗೊತ್ತು. ಲಾವ್ ದ್ವೀಪಸಮೂಹ ದಾರಿಯಲ್ಲೇ ಸಿಗುತ್ತದೆ. ಆದರೂ ಅದನ್ನು ಬದಿಗಿಟ್ಟು ಸಾವುಸಾವು ಅಥವಾ ಸುವಾಗೆ ಹೋಗಿ ಪ್ರವೇಶ ಮುಗಿಸಿ, ಆಮೇಲೆ ಎದುರುಗಾಳಿಯಲ್ಲಿ ಹಿಂದಕ್ಕೆ ಬರಬೇಕು. ಒಂದು ರಾತ್ರಿ ತಂಗಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವವರಿಗೆ ಒಂದು ಮಾತು: ದೋಣಿಯ ಸ್ಥಾನ ಬಿತ್ತರಿಸುವ ಎಐಎಸ್ ಉಪಕರಣ ನಿಮ್ಮ ಜಾಡನ್ನು ಎಲ್ಲರಿಗೂ ತೋರಿಸುತ್ತಿರುತ್ತದೆ.

ಕಾಗದದ ಕಡತದಲ್ಲಿ ಇರಬೇಕಾದ್ದು: ಪಾಸ್‌ಪೋರ್ಟ್‌ಗಳು, ದೋಣಿಯ ನೋಂದಣಿಯ ಮೂಲಪ್ರತಿ, ವಿಮೆ, ರೇಡಿಯೊ ಪರವಾನಗಿ, ಸ್ಕಿಪ್ಪರ್‌ನ (ದೋಣಿಯ ನಾಯಕ) ಅರ್ಹತಾ ಪತ್ರ, ಲಸಿಕೆ ಪುಸ್ತಕ, ಹಿಂದಿನ ನಿರ್ಗಮನ ಪತ್ರ, ಮತ್ತು ಸಿಬ್ಬಂದಿ ಪಟ್ಟಿಯ ಹತ್ತು ಪ್ರತಿ. ಹಳದಿ ಜ್ವರವಿರುವ ದೇಶದಿಂದ ಬರುತ್ತಿದ್ದರೆ ಅದರ ಲಸಿಕೆ ಪತ್ರವಿಲ್ಲದೆ ಕೆಲವು ಕಡೆ ಒಳಗೇ ಬಿಡುವುದಿಲ್ಲ. ದಡಕ್ಕೆ ಓಡಾಡುವ ಪುಟ್ಟ ದೋಣಿ ಡಿಂಗಿಯ ಮೋಟಾರು, ಲೈಫ್‌ರಾಫ್ಟ್, ರೇಡಾರ್, ಅಪಾಯದ ಸಂಕೇತ ಕಳುಹಿಸುವ ಇಪಿಐಆರ್‌ಬಿ ಇವುಗಳ ಕ್ರಮಸಂಖ್ಯೆಯ ಪಟ್ಟಿ ಮಾಡಿಟ್ಟುಕೊಳ್ಳಿ. ದೋಣಿಯ ಹೆಸರು, ನೋಂದಣಿ ಸಂಖ್ಯೆ ಇರುವ ಒಂದು ರಬ್ಬರ್ ಮೊಹರನ್ನೂ ಮಾಡಿಸಿ. ಕಾನೂನು ಅದನ್ನು ಕೇಳುವುದಿಲ್ಲ, ಆದರೆ ಮೊಹರು ಬಿದ್ದ ಹಾಳೆ ಮುಂದಿನ ಮೇಜಿಗೆ ಬೇಗ ಸಾಗುತ್ತದೆ.

ದೋಣಿಯ ಅಡಿ, ಅಡುಗೆಮನೆಯ ಡಬ್ಬಿ

ಪೆಸಿಫಿಕ್‌ನ ಪಶ್ಚಿಮ ಅಂಚಿನ ದೇಶಗಳಿಗೆ ಹೋಗುವವರು ಪಾಸ್‌ಪೋರ್ಟ್‌ನಷ್ಟೇ ಗಮನವನ್ನು ದೋಣಿಯ ಅಡಿಗೆ ಕೊಡಬೇಕು. 2018ರಿಂದ ನ್ಯೂಜಿಲೆಂಡ್‌ನಲ್ಲಿ ಹೊರದೇಶದ ಎಲ್ಲ ದೋಣಿಗಳೂ ಸ್ವಚ್ಛ ಅಡಿಯೊಂದಿಗೆ ಬರಬೇಕೆಂಬ ನಿಯಮ ಜಾರಿಯಲ್ಲಿದೆ. ತೆಳುವಾದ ಪಾಚಿಯ ಲೋಳೆ ಮತ್ತು ಪ್ರಯಾಣದಲ್ಲಿ ನೀರುಗೆರೆಯ ಬಳಿ ಬೆಳೆಯುವ, ಉದ್ದ ಕತ್ತಿನ ಗೂಸ್ ಬಾರ್ನಕಲ್ ಎಂಬ ಅಂಟುಜೀವಿಗಳನ್ನು ಮನ್ನಿಸುತ್ತಾರೆ. ಚಿಪ್ಪಿನ ಬಾರ್ನಕಲ್, ಕೊಳವೆ ಹುಳು, ಮಸ್ಸೆಲ್ ಸಿಕ್ಕರೆ ದೋಣಿಯನ್ನು ನಿಮ್ಮ ಖರ್ಚಿನಲ್ಲಿ ಮೇಲೆತ್ತಿಸಿ ತೊಳೆಸಬೇಕಾದೀತು. ಹೊರಡುವುದಕ್ಕೆ ಮುಂಚಿನ ಕೆಲವು ದಿನಗಳಲ್ಲೇ ಉಜ್ಜಿಸಿ. ತಲುಪುವ ದಿನದಿಂದ ಹಿಂದಕ್ಕೆ ಎಣಿಸಿದರೆ ಅದು 30 ದಿನದೊಳಗೆ ಬರಬೇಕು.

ಉಜ್ಜುವಾಗ ಎಲ್ಲರೂ ಬದಿಗಳನ್ನು ಚೆನ್ನಾಗಿ ಉಜ್ಜುತ್ತಾರೆ, ತನಿಖೆಯವರು ಮೂಲೆಗಳನ್ನು ನೋಡುತ್ತಾರೆ. ಕೀಲ್‌ನ (ದೋಣಿಯಡಿಯ ಭಾರವಾದ ರೆಕ್ಕೆ) ತಳಭಾಗ, ಚುಕ್ಕಾಣಿ ಮತ್ತು ಒಡಲಿನ ನಡುವಿನ ಸಂದು, ಪ್ರೊಪೆಲ್ಲರ್‌ನ ಬುಡ, ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್‌ನ ಸುರಂಗ, ನೀರೆಳೆಯುವ ರಂಧ್ರಗಳ ಜಾಲರಿ ಇವೇ ಆ ಜಾಗಗಳು. ಪ್ರತಿಯೊಂದಕ್ಕೂ ದಿನಾಂಕ ಬೀಳುವಂತೆ ಫೋಟೊ ತೆಗೆದು, ಜೀವಿಗಳು ಅಂಟದಂತೆ ಬಳಿಯುವ ಆಂಟಿಫೌಲಿಂಗ್ ಬಣ್ಣದ ರಸೀದಿಯ ಜೊತೆ ಇಡಿ. ಇಷ್ಟು ದಾಖಲೆ ಇದ್ದರೆ ಕಟ್ಟೆಯ ಮೇಲಿನ ಮಾತುಕತೆ ಬೇಗ ಮುಗಿಯುತ್ತದೆ.

ಆಹಾರದ ಲೆಕ್ಕವನ್ನು ತಲುಪುವ ದಿನದಿಂದ ಹಿಂದಕ್ಕೆ ಹಾಕಿ. ಹಣ್ಣು, ತರಕಾರಿ, ಮೊಟ್ಟೆ, ಹಸಿ ಮಾಂಸ, ಮೊಳಕೆಯೊಡೆಯಬಲ್ಲ ಕಾಳು ಇವು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬಹುತೇಕ ದೋಣಿಯಿಂದ ಇಳಿದು ಕಸದ ಚೀಲಕ್ಕೇ ಹೋಗುತ್ತವೆ. ನ್ಯೂಜಿಲೆಂಡ್‌ನಲ್ಲಿ ಜೇನೂ ಅಷ್ಟೇ, ಬಾಟಲಿಯ ಮುಚ್ಚಳ ಒಡೆಯದೆ ಇದ್ದರೂ. ಕೊನೆಯ ವಾರ ಉಳಿದ ಈರುಳ್ಳಿ, ಆಲೂಗಡ್ಡೆ, ಮೊಟ್ಟೆಗಳನ್ನು ಬೇಯಿಸಿ ತಿಂದು ಮುಗಿಸಿ. ಆದರೂ ಎರಡು ದಿನ ತಡವಾದರೆ ತಿನ್ನಲು ಪಾಸ್ತಾ, ಅಕ್ಕಿ, ಡಬ್ಬಿಯ ಮೀನು ಇರಲಿ. ತರಕಾರಿ ಮುಗಿಯಿತೆಂಬ ಕಾರಣಕ್ಕೆ ರಾತ್ರಿ ಬಂದರಿಗೆ ನುಗ್ಗುವ ಸ್ಥಿತಿ ಬರಬಾರದು. ಕಪ್ಪೆಚಿಪ್ಪು, ಹಕ್ಕಿಗರಿ, ಮರದ ಕೆತ್ತನೆ, ಹುಲ್ಲಿನ ಟೋಪಿ, ಚಾರಣದ ಕೆಸರು ಮೆತ್ತಿದ ಬೂಟು ಇವನ್ನೂ ಘೋಷಿಸಬೇಕು. ಘೋಷಿಸಿದ ವಸ್ತುವನ್ನು ಹೆಚ್ಚೆಂದರೆ ತೆಗೆದುಕೊಂಡುಹೋಗುತ್ತಾರೆ. ಮರೆಮಾಚಿದ್ದು ಸಿಕ್ಕರೆ ದಂಡ ಹಾಕುತ್ತಾರೆ.

ಕಸವನ್ನು ಕಡಲಿಗೆ ಎಸೆದು ದೋಣಿ ಹಗುರ ಮಾಡಿಕೊಳ್ಳುವ ಆಸೆ ಬೇಡ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಪ್ಲಾಸ್ಟಿಕ್ ಅನ್ನು ಯಾವ ಸಾಗರದಲ್ಲೂ, ಎಷ್ಟು ದೂರದಲ್ಲೂ ಎಸೆಯುವಂತಿಲ್ಲ. ಅರೆಯದ ಆಹಾರದ ಉಳಿಕೆಯನ್ನೂ ದಡದಿಂದ 12 ನಾಟಿಕಲ್ ಮೈಲಿ ಆಚೆಗೆ ಮಾತ್ರ ಹಾಕಬಹುದು. ಪ್ಲಾಸ್ಟಿಕ್ಕನ್ನು ಉಪ್ಪುನೀರಿನಲ್ಲಿ ತೊಳೆದು, ಕತ್ತರಿಸಿ, ಗಟ್ಟಿಯಾಗಿ ಒತ್ತಿ ಕಟ್ಟಿಟ್ಟರೆ ಒಂದು ತಿಂಗಳದ್ದು ಕೂಡ ಅಚ್ಚರಿಯಾಗುವಷ್ಟು ಚಿಕ್ಕ ಚೀಲದಲ್ಲಿ ಕೂರುತ್ತದೆ.

ಮೂರು ದಿನ ಮೊದಲು: ವೇಗದ ಲೆಕ್ಕ

ಹೊಸ ಬಂದರಿಗೆ ಹಗಲಲ್ಲೇ ಹೋಗಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ಲೆಕ್ಕವನ್ನು ತಡವಾಗಿ ಹಾಕುತ್ತಾರೆ. ಬೆಳಗ್ಗೆ ಆರಕ್ಕೆ 360 ಮೈಲಿ ಉಳಿದಿದೆ ಎಂದುಕೊಳ್ಳಿ. ಆರು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿಯಂತೆ, 60 ಗಂಟೆ. ಅಂದರೆ ಬಂದರಿನ ಬಾಯಿಗೆ ಬರುವುದು ಸಂಜೆ ಆರಕ್ಕೆ, ಕತ್ತಲು ಕವಿಯುವ ಹೊತ್ತಿಗೆ. ಐದು ನಾಟ್‌ಗೆ ಇಳಿಸಿದರೆ 72 ಗಂಟೆ. ತಲುಪುವುದು ಬೆಳಗ್ಗೆ ಆರಕ್ಕೆ. ಈಗಲೇ ಒಂದು ರೀಫ್ ಹಾಕಿದರೆ, ಅಂದರೆ ಹಾಯಿಯನ್ನು ಮಡಿಚಿ ಕಿರಿದು ಮಾಡಿದರೆ, ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ. ಅದೇ ನಿರ್ಧಾರವನ್ನು ಕೊನೆಯ 30 ಮೈಲಿಯಲ್ಲಿ ತೆಗೆದುಕೊಂಡರೆ ಎರಡು ನಾಟ್‌ಗೆ ಇಳಿಯಬೇಕಾಗುತ್ತದೆ. ಹಿಂದಿನಿಂದ ಬರುವ ಅಲೆಯಲ್ಲಿ ಅಷ್ಟು ನಿಧಾನಕ್ಕೆ ಹೋಗುವ ದೋಣಿ ಇಡೀ ರಾತ್ರಿ ಹೊಯ್ದಾಡುತ್ತದೆ, ಯಾರೂ ಕಣ್ಣು ಮುಚ್ಚಲಾಗುವುದಿಲ್ಲ.

ಹವಳದ ದಿಬ್ಬಗಳ ನಡುವೆ ಹೋಗಬೇಕಾದಲ್ಲಿ ಹಗಲಾಗಿದ್ದರೆ ಸಾಲದು, ಸೂರ್ಯ ಎತ್ತರದಲ್ಲಿರಬೇಕು, ಬೆನ್ನ ಹಿಂದೆ ಇರಬೇಕು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಮೂರರವರೆಗೆ ನೀರಿನ ಬಣ್ಣ ಓದಲು ಬರುತ್ತದೆ. ಕಡುನೀಲಿ ಆಳ, ಪಚ್ಚೆ ಬಣ್ಣ ಮರಳಿನ ಮೇಲಿನ ತೆಳುನೀರು, ಕಂದು ಬಣ್ಣವೆಂದರೆ ಹವಳ ನೀರಿನ ಮೇಲ್ಮೈಗೆ ಬಂದಿದೆ ಎಂದೇ ಅರ್ಥ. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂಭಾಗದಲ್ಲಿ ನಿಲ್ಲಲಿ, ಸಾಧ್ಯವಾದರೆ ಕಂಬದ ಮೊದಲ ಸ್ಪ್ರೆಡರ್‌ಗೆ (ಅಡ್ಡತೋಳು) ಹತ್ತಲಿ. ಪಶ್ಚಿಮಕ್ಕೆ ಮುಖ ಮಾಡಿದ ದಾರಿಗೆ ಮಧ್ಯಾಹ್ನದ ಮೇಲೆ ಹೋದರೆ ಬಿಸಿಲು ಕಣ್ಣಿಗೆ ಹೊಡೆದು ನೀರು ಬೆಳ್ಳಿ ತಗಡಿನಂತೆ ಹೊಳೆಯುತ್ತದೆ, ಅಡಿಯಲ್ಲಿ ಏನಿದೆ ಎಂದೇ ಕಾಣುವುದಿಲ್ಲ.

ವಾರ, ಗಂಟೆಗಳನ್ನೂ ನೋಡಿಕೊಳ್ಳಿ. ಶನಿವಾರ, ಭಾನುವಾರ, ರಜಾದಿನಗಳಲ್ಲಿ ಅನೇಕ ದೇಶಗಳು ಅಧಿಕಾರಿಗಳ ಓವರ್‌ಟೈಮ್ ಶುಲ್ಕವನ್ನು ನಿಮ್ಮಿಂದಲೇ ವಸೂಲು ಮಾಡುತ್ತವೆ. ಅಂತರರಾಷ್ಟ್ರೀಯ ದಿನರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಮಾಯವಾಗುತ್ತದೆ. ದೋಣಿಯ ಗಡಿಯಾರದಲ್ಲಿ ಗುರುವಾರ ಎಂದುಕೊಂಡು ಬಂದವರಿಗೆ ದಡದಲ್ಲಿ ಶುಕ್ರವಾರ ಸಂಜೆ, ಕಚೇರಿಗೆ ಬೀಗ. ಮಾರ್ಕೆಸಸ್‌ನ ಗಡಿಯಾರ ಟಹೀಟಿಗಿಂತ ಅರ್ಧ ಗಂಟೆ ಮುಂದೆ ಓಡುತ್ತದೆ. ಲಾಗ್‌ಬುಕ್ ಪೂರ್ತಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಬರೆಯಿರಿ, ಅರ್ಜಿಯಲ್ಲಿ ಮಾತ್ರ ತಲುಪುವ ಬಂದರಿನ ಸ್ಥಳೀಯ ಸಮಯ ಹಾಕಿ.

ಹಿಂದಿನ ದಿನ: ಲಂಗರು, ಎಂಜಿನ್

ಸಾಗರದಲ್ಲಿ ವಾರಗಟ್ಟಲೆ ಮುಟ್ಟದೆ ಇದ್ದ ಎರಡು ವಸ್ತುಗಳು ಬಂದರಿನ ಬಾಯಲ್ಲಿ ಒಮ್ಮೆಲೇ ಬೇಕಾಗುತ್ತವೆ. ಬಂದಿಳಿಯುವ ದಿನದ ಎಡವಟ್ಟುಗಳಲ್ಲಿ ದೊಡ್ಡ ಪಾಲು ಇವೆರಡರದ್ದೇ.

ಬಹಳ ಮಂದಿ ದೀರ್ಘ ಪ್ರಯಾಣಕ್ಕೆ ಲಂಗರನ್ನು ಮೂತಿಯಿಂದ ಕಳಚಿ ಒಳಗಿಡುತ್ತಾರೆ, ಚೈನ್ ಇಳಿಯುವ ರಂಧ್ರಕ್ಕೆ ಬಟ್ಟೆಯನ್ನೋ ಜೇಡಿಯನ್ನೋ ತುರುಕುತ್ತಾರೆ. ನೀರು ಶಾಂತವಾಗಿದ್ದಾಗ, ಹಗಲಲ್ಲಿ, ಸೇಫ್ಟಿ ಬೆಲ್ಟ್ ಕಟ್ಟಿಕೊಂಡು ಲಂಗರನ್ನು ಮತ್ತೆ ಜೋಡಿಸಿ. ಲಂಗರನ್ನು ಚೈನಿಗೆ ಸೇರಿಸುವ ಶ್ಯಾಕಲ್‌ನ ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ. ರಂಧ್ರಕ್ಕೆ ತುರುಕಿದ್ದನ್ನು ಕಿತ್ತುಹಾಕಿ. ಆಮೇಲೆ ಟಾರ್ಚ್ ಹಿಡಿದು ಚೈನ್ ಪೆಟ್ಟಿಗೆಯೊಳಗೆ ನೋಡಿ. ಲಂಗರು ಎತ್ತಿದಾಗ ಚೈನ್ ಒಂದರ ಮೇಲೊಂದು ಬಿದ್ದು ಶಂಕುವಿನಂತೆ ಕೂತಿರುತ್ತದೆ. ವಾರಗಟ್ಟಲೆ ಒಂದೇ ಬದಿಗೆ ವಾಲಿ ಸಾಗುವಾಗ ಆ ರಾಶಿ ಉರುಳುತ್ತದೆ. ಮೇಲಿದ್ದ ಸುರುಳಿ ಕೆಳಗಿನ ಸುರುಳಿಯ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬಿಟ್ಟಾಗ ಹತ್ತು ಮೀಟರ್ ಸರ್ರನೆ ಹೋಗಿ, ಗಂಟು ರಂಧ್ರಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ, ದೋಣಿ ಹಿಂದಿನವರ ಮೇಲೆ ಜಾರತೊಡಗುತ್ತದೆ. ಮೊದಲ 30 ಮೀಟರ್ ಚೈನನ್ನು ಕೈಯಿಂದ ಡೆಕ್ ಮೇಲೆಳೆದು ಸರಿಯಾಗಿ ಮತ್ತೆ ಇಳಿಸಿದರೆ ಈ ತೊಂದರೆ ಇಲ್ಲ. ಲಂಗರೆತ್ತುವ ಯಂತ್ರ ವಿಂಡ್‌ಲಾಸ್‌ನ ಸ್ವಿಚ್ಚನ್ನೂ ಒತ್ತಿ ನೋಡಿ. ಮುಂಭಾಗದ ವಿದ್ಯುತ್ ಜೋಡಣೆಗಳನ್ನು ಉಪ್ಪುನೀರು ಬೇಗ ಕೆಡಿಸುತ್ತದೆ. ಚೈನ್ ಎಷ್ಟು ಬೇಕೆಂಬ ಲೆಕ್ಕವೂ ಈಗಲೇ ಆಗಲಿ. ಆಳ 8 ಮೀಟರ್, ಉಬ್ಬರಕ್ಕೆ 1.5, ಮೂತಿಯ ಎತ್ತರ 1.5, ಒಟ್ಟು 11. ಪೂರ್ತಿ ಚೈನ್ ಇದ್ದರೆ ಅದರ ಐದು ಪಟ್ಟು, ಅಂದರೆ 55 ಮೀಟರ್. ಹಗ್ಗ ಸೇರಿದ್ದರೆ ಏಳು ಪಟ್ಟು.

ಎಂಜಿನ್‌ಗೆ ಕನಿಷ್ಠ ಅರ್ಧ ಗಂಟೆ ಕೊಡಿ. ಚಾಲು ಮಾಡುವ ಮೊದಲು ತಂಪುನೀರಿನ ಸೀಕಾಕ್ (ಒಡಲಿನ ಕವಾಟ) ತೆರೆದಿದೆಯೇ, ಹಿಂದಿನಿಂದ ಅಲೆ ನುಗ್ಗದಂತೆ ಹೊಗೆಕೊಳವೆಗೆ ಹಾಕಿದ್ದ ಮುಚ್ಚಳ ತೆಗೆದಿದೆಯೇ, ಯಾವುದಾದರೂ ಹಗ್ಗ ನೀರಿನಲ್ಲಿ ಎಳೆದುಕೊಂಡು ಬರುತ್ತಿದೆಯೇ ನೋಡಿ. ಚಾಲು ಆದ ಮೇಲೆ ಹೊಗೆಯ ಜೊತೆ ನೀರು ಉಗುಳುತ್ತಿರಬೇಕು. ಉಗುಳದಿದ್ದರೆ ಕೂಡಲೇ ನಿಲ್ಲಿಸಿ, ಪಂಪಿನ ಇಂಪೆಲ್ಲರ್ (ತಿರುಗುವ ಚಕ್ರ) ಬಿಚ್ಚಿ. ಗೇರನ್ನು ಮುಂದಕ್ಕೂ ಹಿಂದಕ್ಕೂ ಹಾಕಿ. ಹಿಂಗೇರು ಕೆಲಸ ಮಾಡುವುದಿಲ್ಲ ಎಂದು ಕಟ್ಟೆ ಹತ್ತು ಮೀಟರ್ ಇರುವಾಗ ಗೊತ್ತಾದರೆ ಪ್ರಯೋಜನವಿಲ್ಲ. ಇನ್ನೊಂದು ಶತ್ರು ಕಣ್ಣಿಗೆ ಬೀಳದು: ಡೀಸೆಲ್ ಟ್ಯಾಂಕಿನ ತಳದ ಗಸಿ. ವಾರಗಟ್ಟಲೆ ಕುಲುಕಾಡಿ ಅದು ಇಂಧನದಲ್ಲಿ ಬೆರೆತಿರುತ್ತದೆ. ಎಂಜಿನ್ ಪೂರ್ತಿ ಓಡಿಸಿದಾಗ ಫಿಲ್ಟರ್ ಕಟ್ಟಿ, ಸೆಳೆತದ ಮಧ್ಯೆಯೇ ಎಂಜಿನ್ ನಿಲ್ಲುತ್ತದೆ. ಮೊದಲ ಫಿಲ್ಟರನ್ನು ಹಿಂದಿನ ದಿನವೇ ಬದಲಿಸಿ, ಗಾಳಿ ತೆಗೆದು, ಇನ್ನೊಂದು ಹೊಸದನ್ನು ಕೈಗೆಟಕುವಲ್ಲಿ ಇಡಿ.

ಉಳಿದದ್ದು ಚಿಕ್ಕಪುಟ್ಟದ್ದು. ದೋಣಿ ಕಟ್ಟೆಗೆ ಉಜ್ಜದಂತೆ ಇಳಿಬಿಡುವ ಫೆಂಡರ್‌ಗಳಿಗೆ ಗಾಳಿ ತುಂಬಿ, ಕಟ್ಟುಹಗ್ಗಗಳನ್ನು ಹೊರತೆಗೆಯಿರಿ, ಹಳದಿ ಬಾವುಟ ಹುಡುಕಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕಿಪ್ಪರ್ ಹಿಂದಿನ ಮಧ್ಯಾಹ್ನ ಮಲಗಬೇಕು, ಕೊನೆಯ ರಾತ್ರಿ ಎದ್ದಿರಬೇಕಾದ್ದು ಅವರೇ.

ನಕ್ಷೆಯ ಮೇಲೆ ಎಷ್ಟು ನಂಬಿಕೆ

2014ರ ನವೆಂಬರ್ 29ರಂದು ವೋಲ್ವೊ ಓಷನ್ ರೇಸ್‌ನಲ್ಲಿ ಓಡುತ್ತಿದ್ದ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ದಿಬ್ಬಕ್ಕೆ ರಾತ್ರಿ ಬಡಿಯಿತು. ವೃತ್ತಿಪರ ನಾವಿಕರು, ಅತ್ಯುತ್ತಮ ಉಪಕರಣಗಳು, ಎಲ್ಲವೂ ಇತ್ತು. ವಿದ್ಯುನ್ಮಾನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ. ದೂರದಿಂದ ನೋಡಿದಾಗ ಆ ನಕ್ಷೆ ದಿಬ್ಬದ ವಿವರವನ್ನು ತೋರಿಸುತ್ತಿರಲಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಪೂರ್ತಿ ದಾರಿಯನ್ನು, ಕೊನೆಯ ನೂರು ಮೈಲಿಯನ್ನಂತೂ ತಪ್ಪದೆ, ಅತಿ ಹೆಚ್ಚು ಹಿಗ್ಗಿಸಿ ಬೆರಳಿಟ್ಟು ನೋಡಿ.

ಇನ್ನೊಂದು ತೊಂದರೆ ನಕ್ಷೆಯ ವಯಸ್ಸಿನದು. ಪೆಸಿಫಿಕ್‌ನ ಹಲವು ದ್ವೀಪಗಳ ನಕ್ಷೆಗಳಿಗೆ ಆಧಾರ ಹಳೆಯ ಅಳತೆಗಳು. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಚೌಕಟ್ಟಿಗೆ ಅವು ಸರಿಯಾಗಿ ಕೂರುವುದಿಲ್ಲ. ನಿಮ್ಮ ದೋಣಿ ದ್ವೀಪದ ಮೇಲೇ ತೇಲುತ್ತಿರುವಂತೆ ಪರದೆ ತೋರಿಸಿದರೆ ಬೆಚ್ಚಬೇಡಿ, ಆದರೆ ಆ ನಕ್ಷೆಯನ್ನು ನಂಬಿ ದಿಬ್ಬದ ಸಂದಿಗೂ ನುಗ್ಗಬೇಡಿ. ಬಂದರಿನ ಉಪಗ್ರಹ ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಂಡು, ರೇಡಾರ್‌ನ ದಡದೊಂದಿಗೆ, ಆಳಮಾಪಕದೊಂದಿಗೆ ಹೋಲಿಸಿ.

ಬಂದರಿನ ದಾರಿ ತೋರುವ ತೇಲುಗುರುತುಗಳ ಬಣ್ಣ ಜಗತ್ತಿನ ಎಲ್ಲೆಡೆ ಒಂದೇ ಅಲ್ಲ. ಎರಡೂ ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಐಎಎಲ್‌ಎ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಬಿ ಪದ್ಧತಿಯಲ್ಲಿವೆ; ಅಲ್ಲಿ ಸಮುದ್ರದಿಂದ ಒಳಗೆ ಬರುವಾಗ ಕೆಂಪು ಗುರುತು ಬಲಕ್ಕೆ ಇರಬೇಕು. ಉಳಿದ ಜಗತ್ತಿನ ಎ ಪದ್ಧತಿಯಲ್ಲಿ ಕೆಂಪು ಎಡಕ್ಕೆ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೋದರೆ, ಪನಾಮಾದಿಂದ ಫ್ರೆಂಚ್ ಪಾಲಿನೇಷ್ಯಾಕ್ಕೆ ಹೋದರೆ ಪದ್ಧತಿ ಬದಲಾಗುತ್ತದೆ. ಬಳಲಿದ ತಲೆ ಹಳೆಯ ಅಭ್ಯಾಸಕ್ಕೇ ಓಡುತ್ತದೆ. ಚುಕ್ಕಾಣಿಯ ಮುಂದೆ ಕೆಂಪು ಎಡಕ್ಕೋ ಬಲಕ್ಕೋ ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ.

ಸಾವಿರಾರು ಮೀಟರ್ ಆಳದಿಂದ ಐವತ್ತು ಮೀಟರಿಗೆ ಬಂದಾಗ ಸಾಗರದ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ನದೀಮುಖದ ಮರಳುದಿಬ್ಬ ದಾಟಬೇಕಾದಲ್ಲಿ ಇಳಿತದ ನೀರು ಹೊರಬರುವಾಗ ಎಂದೂ ಹೋಗಬೇಡಿ. ಉಬ್ಬರದ ಕೊನೆಯ ಗಂಟೆಗೆ ಕಾಯಿರಿ. ಟುವಾಮೋಟು ಹವಳದ್ವೀಪಗಳ ಸಂದಿಗಳಲ್ಲಿ ಉಬ್ಬರದ ಪಟ್ಟಿಯೂ ಮೋಸ ಮಾಡುತ್ತದೆ. ದಕ್ಷಿಣದ ಅಲೆಗಳು ದಿಬ್ಬದ ಮೇಲಿಂದ ಒಳಗಿನ ಸರೋವರದಂಥ ಲಗೂನಿಗೆ ನೀರು ಸುರಿಯುತ್ತಲೇ ಇರುತ್ತವೆ, ಅದಷ್ಟೂ ಒಂದೇ ಸಂದಿಯಿಂದ ಹೊರಬರಬೇಕು. ಹೊರಸೆಳೆತ ಆರು ನಾಟ್ ಮೀರಬಹುದು. ಅಲ್ಲಿ ಆರು ನಾಟ್ ಓಡುವ ದೋಣಿ ಪೂರ್ತಿ ಎಂಜಿನ್ ಹಾಕಿಯೂ ನಿಂತಲ್ಲೇ ನಿಲ್ಲುತ್ತದೆ.

ಕಾಯುವುದು ಹೇಗೆ

ಕತ್ತಲು, ಮಳೆಯ ಪರದೆ, ತಪ್ಪು ಸೆಳೆತ, ಕೈಕೊಟ್ಟ ಎಂಜಿನ್, ಯಾವುದಿದ್ದರೂ ಹೊರಗೇ ಉಳಿಯಿರಿ. ಹೀವ್‌ ಟು ಮಾಡಲು, ಅಂದರೆ ಹಾಯಿ ಮತ್ತು ಚುಕ್ಕಾಣಿಯನ್ನು ಒಂದಕ್ಕೊಂದು ಎದುರಾಗಿಟ್ಟು ದೋಣಿಯನ್ನು ಬಹುತೇಕ ನಿಂತಲ್ಲೇ ನಿಲ್ಲಿಸಲು, ಬಾರದವರು ಸಾಗರ ದಾಟುವ ಮೊದಲು ಕಲಿಯಬೇಕು. ಮುಖ್ಯ ಹಾಯಿಗೆ ಎರಡನೇ ರೀಫ್ ಹಾಕಿ, ಮುಂದಿನ ಹಾಯಿಯನ್ನು ಚಿಕ್ಕದು ಮಾಡಿ ಬಿಗಿಯಾಗಿ ಎಳೆದಿಡಿ. ಮುಂದಿನ ಹಾಯಿಯ ಹಗ್ಗ ಬಿಡದೆ ನಿಧಾನಕ್ಕೆ ಟ್ಯಾಕ್ ಮಾಡಿ, ಅಂದರೆ ಮೂತಿಯನ್ನು ಗಾಳಿಯ ಆಚೆ ಬದಿಗೆ ತಿರುಗಿಸಿ. ಆ ಹಾಯಿ ತಪ್ಪು ಬದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ವೇಗ ಇಳಿದ ಮೇಲೆ ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಇದ್ದರೆ ಗಾಳಿ ಹೋಗುವ ಬದಿಗೆ ತಳ್ಳಿ ಕಟ್ಟಿ, ಚಕ್ರವಿದ್ದರೆ ಗಾಳಿ ಬರುವ ಬದಿಗೆ ತಿರುಗಿಸಿ ಕಟ್ಟಿ. ಒಂದು ಹಾಯಿ ಮೂತಿಯನ್ನು ಆಚೆ ತಳ್ಳುತ್ತದೆ, ಚುಕ್ಕಾಣಿ ಈಚೆ ತರುತ್ತದೆ, ದೋಣಿ ಅಲ್ಲೇ ತೂಗಾಡುತ್ತದೆ. ಕಿರಿದಾದ ಕೀಲ್ ಇರುವ ಆಧುನಿಕ ದೋಣಿಗಳು ಇದಕ್ಕೆ ಸುಲಭಕ್ಕೆ ಒಗ್ಗುವುದಿಲ್ಲ; ಮುಖ್ಯ ಹಾಯಿಯನ್ನು ಅಷ್ಟಿಷ್ಟು ಬಿಟ್ಟು ಎಳೆದು ಹದ ಕಂಡುಕೊಳ್ಳಬೇಕು.

ಹೀಗೆ ನಿಂತಾಗಲೂ ದೋಣಿ ಗಂಟೆಗೆ ಒಂದು, ಒಂದೂವರೆ ಮೈಲಿ ಜಾರುತ್ತದೆ. ಎಂಟು ಗಂಟೆಗೆ ಹನ್ನೆರಡು ಮೈಲಿ. ಕರಾವಳಿಯ ಪ್ರವಾಹವನ್ನೂ ಅದಕ್ಕೆ ಸೇರಿಸಿ. ದಡದಿಂದ 25–30 ಮೈಲಿ ಹೊರಗೆ, ಜಾರುವ ದಿಕ್ಕು ದಡದ ಕಡೆಗೆ ಇರದಂತೆ ಟ್ಯಾಕ್ ಆರಿಸಿ. ಹಡಗುಗಳ ಹೆದ್ದಾರಿಯಿಂದ ದೂರವಿರಿ, ಪಾಳಿ ಬಿಡಬೇಡಿ.

ಒಳಗೆ ಹೋಗುವುದು, ಕಟ್ಟೆಯ ಮೇಲಿನ ಕೆಲಸ

ದೇಶದ ಜಲಗಡಿ 12 ಮೈಲಿ. ಅದರೊಳಗೆ ಬಂದಾಗ ಬಲಬದಿಯ ಸ್ಪ್ರೆಡರ್ ಕೆಳಗೆ ಹಳದಿ ಕ್ಯೂ ಬಾವುಟ ಏರಿಸಿ. ದೋಣಿಯಲ್ಲಿ ರೋಗವಿಲ್ಲ, ಪ್ರವೇಶದ ಅನುಮತಿ ಬೇಕು ಎಂದು ಅದರ ಅರ್ಥ. ಆತಿಥೇಯ ದೇಶದ ಬಾವುಟವನ್ನು ಅನುಮತಿ ಸಿಕ್ಕ ಮೇಲೆ ಏರಿಸುವುದು ಹಳೆಯ ಪದ್ಧತಿ. ಕೆಲವೆಡೆ ಎರಡನ್ನೂ ಒಟ್ಟಿಗೆ ಬಯಸುತ್ತಾರೆ. ಯಾವುದೇ ಆಗಲಿ, ಅದು ಹರಿದಿರಬಾರದು, ತಲೆಕೆಳಗಾಗಿರಬಾರದು.

ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಬಂದರನ್ನು ಕರೆಯಿರಿ. ದೋಣಿಯ ಹೆಸರು, ಧ್ವಜದ ದೇಶ, ಉದ್ದ, ತಳದ ಆಳ, ಹಿಂದಿನ ಬಂದರು, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಓದಿ. ಹೇಳಿದ ಚಾನೆಲ್‌ಗೆ ಬದಲಿಸಿ, ಹೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ. ಬರ್ಮುಡಾ ರೇಡಿಯೊದಂಥ ಕೇಂದ್ರಗಳು ಸುರಕ್ಷಾ ಉಪಕರಣಗಳ ವಿವರವನ್ನೂ ಕೇಳುತ್ತವೆ. ಉತ್ತರ ಬರದಿದ್ದರೆ ಒಂದು ಗಂಟೆ ಬಿಟ್ಟು ಮತ್ತೆ ಕರೆದು, ಕರೆದ ಸಮಯವನ್ನು ಲಾಗ್‌ನಲ್ಲಿ ಬರೆಯಿರಿ.

ಹೇಳಿದ ಕ್ವಾರಂಟೈನ್ ಜಾಗಕ್ಕೇ ಹೋಗಿ. ಓಪುವಾದ ಕ್ವಾರಂಟೈನ್ ಕಟ್ಟೆ ದಡಕ್ಕೆ ಸೇರಿಯೇ ಇಲ್ಲ, ಇಳಿದು ನಡೆದುಹೋಗಲು ದಾರಿಯಿಲ್ಲದಂತೆ ನೀರಿನ ಮಧ್ಯೆ ಇದೆ. ಬೇರೆಡೆ ಅಷ್ಟು ಕಟ್ಟುನಿಟ್ಟು ಕಾಣದಿದ್ದರೂ ನಿಯಮ ಅದೇ. ಅನುಮತಿಯಿಲ್ಲದೆ ಯಾರೂ ಇಳಿಯುವಂತಿಲ್ಲ, ಡಿಂಗಿ ಇಳಿಸುವಂತಿಲ್ಲ, ಪಕ್ಕದ ದೋಣಿಯವರು ಪರಿಚಿತರಾದರೂ ಹತ್ತಿಸಿಕೊಳ್ಳುವಂತಿಲ್ಲ, ಅವರಿಗೆ ಒಂದು ಹಣ್ಣನ್ನೂ ಕೊಡುವಂತಿಲ್ಲ. ಅಧಿಕಾರಿಗಳೇ ದೋಣಿಗೆ ಬರದ ದೇಶಗಳಲ್ಲಿ ಸ್ಕಿಪ್ಪರ್ ಒಬ್ಬರೇ ಎಲ್ಲರ ಪಾಸ್‌ಪೋರ್ಟ್ ಹಿಡಿದು ಕಚೇರಿಗೆ ಹೋಗಬೇಕು. ಚಡ್ಡಿ, ಬನಿಯನ್ ಬೇಡ. ಅಂಗಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಕೆರಿಬಿಯನ್‌ನ ಹಲವು ದ್ವೀಪಗಳಲ್ಲಿ ಸೈಲ್‌ಕ್ಲಿಯರ್ ಜಾಲತಾಣದಲ್ಲಿ ವಿವರಗಳನ್ನು ಮೊದಲೇ ತುಂಬಿದರೆ ಕಾರ್ಬನ್ ಹಾಳೆಗಳ ಮೇಲೆ ಒಂದೇ ಮಾತನ್ನು ನಾಲ್ಕು ಸಲ ಬರೆಯುವುದು ತಪ್ಪುತ್ತದೆ.

ಅಧಿಕಾರಿಗಳು ದೋಣಿಗೆ ಬಂದರೆ ಮೇಜು ಖಾಲಿ ಇರಲಿ, ಕಡತ ತೆರೆದಿರಲಿ. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜವಾಗಿ ಉತ್ತರಿಸಿ. ವೈದ್ಯಕೀಯ ಪೆಟ್ಟಿಗೆಯಲ್ಲಿ ಮಾರ್ಫಿನ್‌ನಂಥ ಔಷಧವಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಬಂದೂಕು, ಮೀನು ಹೊಡೆಯುವ ಭರ್ಜಿಕೋವಿ, ಫ್ಲೇರ್ ಪಿಸ್ತೂಲು, ಡ್ರೋನ್, ಸಾಕುಪ್ರಾಣಿ ಎಲ್ಲವನ್ನೂ ಹೇಳಿ. ನಗದು ಅಮೆರಿಕದಲ್ಲಿ 10,000 ಡಾಲರ್ ದಾಟಿದರೆ, ಯುರೋಪ್ ಒಕ್ಕೂಟದಲ್ಲಿ 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋಷಿಸಬೇಕು. ಹೆಚ್ಚಿನ ಮದ್ಯವನ್ನು ಒಂದು ಕಪಾಟಿನಲ್ಲಿಟ್ಟು ಸೀಲ್ ಹಾಕಬಹುದು; ಆ ಸೀಲ್ ಮುರಿಯುವುದು ತಮಾಷೆಯ ವಿಷಯವಲ್ಲ. ಯಾವ ಶುಲ್ಕಕ್ಕೂ ರಸೀದಿ ಕೇಳಿ.

ಪಾಸ್‌ಪೋರ್ಟ್ ವಾಪಸ್ ಬಂದಾಗ ಮೊಹರಿನ ದಿನಾಂಕವನ್ನೂ ಉಳಿಯಬಹುದಾದ ದಿನಗಳನ್ನೂ ಅಲ್ಲೇ ಓದಿ. ದೋಣಿಯ ತಾತ್ಕಾಲಿಕ ಆಮದಿನ ಕೊನೆಯ ದಿನ ಯಾವುದು, ಬೇರೆ ದ್ವೀಪಗಳಿಗೆ ಹೋಗಲು ಪ್ರತ್ಯೇಕ ಪರವಾನಗಿ ಬೇಕೇ, ಹೊರಡಲು ಎಷ್ಟು ಗಂಟೆ ಮೊದಲು ಯಾವ ಕಚೇರಿಗೆ ಬರಬೇಕು ಎಂಬುದನ್ನೂ ಕೇಳಿಕೊಳ್ಳಿ. ಸಿಬ್ಬಂದಿಯಲ್ಲಿ ಯಾರಾದರೂ ಅಲ್ಲಿಂದ ವಿಮಾನ ಹತ್ತುವುದಿದ್ದರೆ ಅವರನ್ನು ಸಿಬ್ಬಂದಿ ಪಟ್ಟಿಯಿಂದ ಅಧಿಕೃತವಾಗಿ ತೆಗೆಸಿ. ಇಲ್ಲದಿದ್ದರೆ ಅವರ ಹೊಣೆ ಸ್ಕಿಪ್ಪರ್ ಮೇಲೇ ಉಳಿಯುತ್ತದೆ, ಹೊರಡುವ ದಿನ ತಲೆ ಎಣಿಕೆ ಹೊಂದುವುದಿಲ್ಲ.

ಗಾಯ, ಒಡೆದ ಚುಕ್ಕಾಣಿ, ಬಿರುಗಾಳಿ ಇಂಥ ಕಾರಣಕ್ಕೆ ಪ್ರವೇಶದ ಬಂದರಲ್ಲದ ಕಡೆ ನುಗ್ಗಬೇಕಾಗಿ ಬಂದರೆ ನುಗ್ಗಿ, ಜೀವ ಮೊದಲು. ಆದರೆ ಹೋಗುವ ಮುಂಚೆಯೇ ಕೋಸ್ಟ್‌ಗಾರ್ಡ್‌ಗೆ ರೇಡಿಯೊದಲ್ಲಿ ತಿಳಿಸಿ, ಕಾರಣ ಮತ್ತು ಸಮಯವನ್ನು ಲಾಗ್‌ನಲ್ಲಿ ಬರೆಯಿರಿ, ಹಳದಿ ಬಾವುಟ ಏರಿಸಿ, ಹೇಳುವ ತನಕ ದಡಕ್ಕೆ ಕಾಲಿಡಬೇಡಿ.

ಅನುಮತಿ ಸಿಕ್ಕ ಕೂಡಲೇ ಕ್ಯೂ ಬಾವುಟ ಇಳಿಸಿ. ದಡದಲ್ಲಿ ಮೊದಲ ಒಂದೆರಡು ದಿನ ನೆಲವೇ ತೂಗಿದಂತಾಗುತ್ತದೆ, ಕಲ್ಲಿನ ಮೆಟ್ಟಿಲುಗಳಲ್ಲಿ ಎಚ್ಚರ. ಊಟ, ಸ್ನಾನಕ್ಕೆ ಮುನ್ನ ಒಂದು ಕೆಲಸ ಬಾಕಿ ಇದೆ: ನಿಮ್ಮ ಪ್ರಯಾಣದ ಯೋಜನೆಯನ್ನು ಯಾರ ಬಳಿ ಬಿಟ್ಟುಬಂದಿದ್ದೀರೋ ಅವರಿಗೆ, ದೋಣಿಗಳ ಹಾಜರಿ ಪಡೆಯುವ ರೇಡಿಯೊ ನೆಟ್‌ಗೆ ಹೆಸರು ಕೊಟ್ಟಿದ್ದರೆ ಅವರಿಗೂ, ತಲುಪಿದ ಸುದ್ದಿ ಕಳುಹಿಸಿ. ಅದು ಮರೆತರೆ ನೀವು ನಿದ್ದೆಯಲ್ಲಿರುವಾಗ ನಿಮ್ಮನ್ನು ಹುಡುಕಲು ವಿಮಾನ ಹೊರಟೀತು.